ವಿಭೂತಿ ಹಚ್ಚಿದ ಮೋಟಾರು, ಎರಡು ತತ್ತಿ

ಆ ವರ್ಷ ಉದಗೀರಿನ ಮೈದಾನದಲ್ಲಿ ನಮ್ಮ ಮೋಟಾರು ಮೂರು ಸುತ್ತು ಓಡಿದ್ದು ಅಯ್ಯನವರು ಹಚ್ಚಿದ ವಿಭೂತಿಯಿಂದಲ್ಲ. ಎರಡು ಕೋಳಿ ತತ್ತಿಯಿಂದ. ಒಡೆದು ಹಾಕಿದವಳು ನಾನು. ಮನೆಯಲ್ಲಿ ಇವತ್ತಿಗೂ ವಿಭೂತಿಯ ಕಥೆಯನ್ನೇ ಹೇಳುತ್ತಾರೆ. ಬೈಯುವವರು ಯಾರೂ ಉಳಿದಿಲ್ಲವಾದ್ದರಿಂದ ಈಗ ಬರೆದುಬಿಡುತ್ತೇನೆ.

ಪೊಲೀಸ್ ಆಕ್ಷನ್ ಆದ ಮೇಲೆ ನಮ್ಮ ಕಡೆಯ ಜಾಗೀರದಾರರು ಒಬ್ಬೊಬ್ಬರೇ ಹೈದರಾಬಾದಿಗೆ ಹೋದರು, ಮೋಟಾರುಗಳನ್ನು ಮಾರಿ ಹೋದರು. ಅಡತಿ ವ್ಯಾಪಾರಿಗಳು, ಹೊಲಮನೆ ಇದ್ದವರು ಕೊಂಡರು. ಕೊಂಡರೇ ಹೊರತು ಅದರ ಹೊಟ್ಟೆಯೊಳಗೆ ಏನಿದೆ ಎಂದು ಒಬ್ಬರಿಗೂ ತಿಳಿಯದು. ತಿಳಿದವನು ಉದಗೀರಿನ ಮಿಸ್ತ್ರಿ ಒಬ್ಬನೇ. ಊರೂರು ತಿರುಗಿ ಅವನಿಗೆ ಸಾಕಾಯಿತು. ದಸರೆಯ ಮರುದಿನ ಎಲ್ಲರೂ ಮೋಟಾರು ಇಲ್ಲಿಗೇ ತನ್ನಿ, ಒಂದೇ ದಿನ ನೋಡಿ ಮುಗಿಸುತ್ತೇನೆ ಎಂದ. ಮೊದಲು ನಾಲ್ಕು ಬಂದವು. ಆಮೇಲಿನ ವರ್ಷಗಳಲ್ಲಿ ಉಮರ್ಗಾದಿಂದ, ನಿಲಂಗಾದಿಂದ ಸಾಲುಸಾಲಾಗಿ ಬರತೊಡಗಿದವು. ತೊಳೆದು, ಎಣ್ಣೆ ಹಚ್ಚಿ ಉಜ್ಜಿ, ಚೆಂಡು ಹೂ ಕಟ್ಟಿ ನಿಲ್ಲಿಸುವುದು, ನೋಡಲು ಸುತ್ತಲಿನ ಹಳ್ಳಿಯವರೆಲ್ಲ ಕೂಡುವುದು. ಕೊನೆಗೆ ಮೈದಾನಕ್ಕೆ ಮೂರು ಸುತ್ತು. ತಳ್ಳಿಸಿಕೊಳ್ಳದೆ, ನಡುವೆ ನಿಲ್ಲದೆ ಮೂರೂ ಮುಗಿಸಿದ ಮೋಟಾರಿನ ಮೂತಿಗೆ ಮಿಸ್ತ್ರಿ ತಲೆಗೆ ಕಟ್ಟುವಂಥ ಕೆಂಪು ಪಟಕಾ ಸುತ್ತುತ್ತಿದ್ದ. ಬೆಳೆದು ನಿಂತ ಗಂಡಸರು ಆ ಪಟಕಾದ ಸಲುವಾಗಿ ವರ್ಷವಿಡೀ ಒಬ್ಬರಿಗೊಬ್ಬರು ಮಾತು ಬಿಡುತ್ತಿದ್ದರು.

ನಾನು ಸೊಸೆಯಾಗಿ ಬಂದ ಮನೆ ನಿಲಂಗಾ ಹತ್ತಿರದ ಹಳ್ಳಿಯಲ್ಲಿ. ಮಾವ ಕೊಂಡಿದ್ದ ಮೋಟಾರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಭಾರ ಜಾಸ್ತಿಯಾಗಿದೆ ಎಂದು ನಮ್ಮವರು, ಅಂದರೆ ನನ್ನ ಗಂಡ, ಅದರ ಬಾಗಿಲು ಕಿತ್ತರು, ಗಾಲಿಯ ಮೇಲಿನ ತಗಡು ಕಿತ್ತರು, ಮೂತಿಯ ಮುಂದಿನ ಕಬ್ಬಿಣದ ಅಡ್ಡಪಟ್ಟಿಯನ್ನೂ ಬಿಚ್ಚಿ ಎಸೆದರು. ಹಿಂದಿನ ಮೆತ್ತೆ ತೆಗೆದು ಚಕ್ಕಡಿಯ ಹಲಗೆ ಕೂಡಿಸಿದರು. ಪೋಳ್ಯಾ ಹಬ್ಬಕ್ಕೆ ಎತ್ತಿನ ಕೊಂಬಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣವನ್ನು ಮೈಗೆಲ್ಲ ಬಳಿದರು. ಪುಚ್ಚ ಕಿತ್ತ ಕೋಳಿಯ ಹಾಗಿದೆ ಎಂದು ಊರವರು ನಕ್ಕರು. ಆದರೆ ಕೋಳಿ ಓಡಿತು. ಬೆನ್ನು ಹತ್ತಿದ ನಾಯಿಗಳು ಹನುಮಂತ ದೇವರ ಕಟ್ಟೆಯ ಹತ್ತಿರವೇ ನಿಂತುಬಿಟ್ಟವು.

ನನಗೆ ಆ ಮೋಟಾರು ಬೇಕಾಗಿತ್ತು. ನನ್ನ ತವರು ಗುಂಜೋಟಿ. ಚಕ್ಕಡಿಯಲ್ಲಿ ಹೋಗಲು ಒಂದು ದಿನ, ಬರಲು ಒಂದು ದಿನ. ಸೊಸೆಯನ್ನು ಎರಡು ದಿನ ಬಿಡಲು ಅತ್ತೆ ತಯಾರಿರಲಿಲ್ಲ. ಅವ್ವನ ಮುಖ ನೋಡಿ ಎರಡು ವರ್ಷವಾಗಿತ್ತು. ಮೋಟಾರಾದರೆ ಬೆಳಗ್ಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬಂದುಬಿಡಬಹುದು. ಆದರೆ ಅತ್ತೆಯ ತಮ್ಮನ ಕಣ್ಣು ಅದರ ಇಂಜಿನ್ ಮೇಲೆ ಬಿದ್ದಿತ್ತು. ಅವರದು ಮುರುಮ ಎಂಬ ಊರಲ್ಲಿ ಕಬ್ಬಿನ ಗಾಣ. ದೀಪಾವಳಿ ಮುಗಿದರೆ ಕಬ್ಬು ಬರುತ್ತದೆ, ಎತ್ತು ತಿರುಗಿಸಿ ಸಾಕಾಗಿದೆ, ಇಂಜಿನ್ ಕೊಡಿ ಎಂದು ಮಾವನ ಬೆನ್ನು ಬಿದ್ದಿದ್ದರು. ಮಾವ ಎಲ್ಲರ ಮುಂದೆ ಹೇಳಿಬಿಟ್ಟರು. ಈ ಸಲ ಉದಗೀರಿನಲ್ಲಿ ಮೂರು ಸುತ್ತು ಓಡಿದರೆ ಮೋಟಾರು ನಮ್ಮದು, ನಿಂತರೆ ಅಲ್ಲಿಂದಲೇ ಇಂಜಿನ್ ಮುರುಮಕ್ಕೆ.

ಹೊರಡುವ ದಿನ ನಸುಕಿನಲ್ಲಿ ನಮ್ಮ ಮಠದ ಅಯ್ಯನವರು ಬಂದು ಪೂಜೆ ಮಾಡಿದರು. ಕಾಯಿ ಒಡೆಯುವುದು ಮಾವನ ಕೆಲಸ. ಪ್ರತಿ ವರ್ಷ ಆ ಕಬ್ಬಿಣದ ಅಡ್ಡಪಟ್ಟಿಗೇ ಹೊಡೆಯುತ್ತಿದ್ದರು. ಪಟ್ಟಿ ಹೋಗಿದೆ ಎಂದು ಕಣ್ಣಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಎತ್ತಿ ಹೊಡೆದರು. ಕಾಯಿ ಹೋಗಿ ಇಂಜಿನ್ನಿನ ಮುಂದೆ ಅದನ್ನು ತಂಪಾಗಿಡುವ ನೀರಿನ ಟಾಕಿಗೆ ಬಡಿಯಿತು. ಚೆಂದಾಗಿ ಎರಡು ಹೋಳಾಯಿತು, ಎಲ್ಲರೂ ಕೈ ಮುಗಿದರು. ಕಾಯಿಯ ನೀರು ಹರಿದು ಮುಗಿದ ಮೇಲೂ ಕೆಳಗೆ ಹನಿ ಬೀಳುವುದು ನಿಲ್ಲಲಿಲ್ಲ.

ಟಾಕಿ ತೂತಾಗಿದೆ ಎಂದು ಬಾಯಿ ಬಿಡುವವರು ಯಾರು? ಕಾಯಿ ಒಡೆದವರು ಮನೆಯ ಹಿರಿಯರು. ಅಯ್ಯನವರು ವಿಭೂತಿಯ ಗಟ್ಟಿಯನ್ನು ನೆನೆಸಿ ತೂತಿನ ಮೇಲೆ ಒತ್ತಿ, ಮೂರು ಬೆರಳಿನಿಂದ ಎಳೆದು, ಶಿವ ಕಾಯುತ್ತಾನೆ ಹೋಗಿ ಎಂದರು. ಶಿವ ಎರಡು ಹರದಾರಿಯಷ್ಟು ಕಾಯ್ದ. ಆಮೇಲೆ ವಿಭೂತಿ ತೊಳೆದು ಹೋಯಿತು. ತೊಡೆಯ ಮೇಲೆ ಕೊಡ ಇಟ್ಟುಕೊಂಡು ಮುಂದೆ ಕುಳಿತವಳು ನಾನು. ಹಳ್ಳ ಸಿಕ್ಕಲ್ಲೆಲ್ಲ ಇಳಿದು ನೀರು ತುಂಬಿಸಿದೆ. ಮಾವ ಹಿಂದಿನ ಹಲಗೆಯ ಮೇಲೆ ಕುಳಿತು ಹೊಲ ನೋಡುತ್ತಿದ್ದರು.

ಮೈದಾನ ಕಂಡಿತು. ಕರಿ ಮೋಟಾರು, ಹಸಿರು ಮೋಟಾರು, ಹಿತ್ತಾಳೆಯ ದೀಪ ಬಿಸಿಲಿಗೆ ಮಿಂಚುವುದು, ಪೊಂಪೊಂ ಹಾರ್ನು, ಎಲ್ಲ ಕಡೆ ಪೆಟ್ರೋಲಿನ ವಾಸನೆ. ನಮ್ಮ ಬೋಳು ಕೆಂಪು ಮೋಟಾರು ಹೊಕ್ಕಾಗ ಜನ ಹಾದಿ ಬಿಟ್ಟು ಕೇಕೆ ಹಾಕಿದರು. ಅತ್ತೆಯ ತಮ್ಮ ಚಕ್ಕಡಿ ಕಟ್ಟಿಕೊಂಡು ಹಿಂದಿನ ದಿನವೇ ಬಂದು ಬೇವಿನ ಕೆಳಗೆ ಕುಳಿತಿದ್ದರು.

“ಭಾವಾ, ಹಗ್ಗ ತಂದೀನಿ, ಎತ್ತಿಗಿ ನೀರು ಕುಡಿಸೀನಿ. ನಿಮ್ಮ ಮಗಗ ಹೇಳ್ರಿ, ಭಾಳ ದೂರ ಹೋಗಿ ನಿಂದರಬ್ಯಾಡ. ಜಗ್ಗಿ ತರೂದು ತ್ರಾಸ ಆಗ್ತದ.”

ಮಾವ ಅವರ ಕಡೆ ನೋಡಲೂ ಇಲ್ಲ. ಮಿಸ್ತ್ರಿ ಬಗ್ಗಿ ಟಾಕಿ ನೋಡಿ ತಲೆ ಅಲ್ಲಾಡಿಸಿದ. ಬೆಸುಗೆ ಹಾಕಲು ಟಾಕಿ ಬಿಚ್ಚಬೇಕು, ಇವತ್ತು ಆಗುವುದಿಲ್ಲ ಎಂದ. ಆಮೇಲೆ ನಮ್ಮವರ ಕಿವಿಯ ಹತ್ತಿರ ಬಂದು, “ಎರಡು ಅಂಡಾ ಒಡದು ಹಾಕ್ರಿ ಸಾಹೇಬ. ಬಿಸಿ ನೀರಾಗ ಬೆಂದು ತೂತಿನ್ಯಾಗ ಹೋಗಿ ಕುಂದರ್ತಾವ” ಎಂದ.

“ಬ್ಯಾಡೋ ಉಸ್ತಾದ. ಪೂಜಿ ಆದ ಮೋಟಾರ್ ಅದ. ಅಪ್ಪಗ ಗೊತ್ತಾದ್ರ ಇಂಜಿನ್ ಬಿಟ್ಟು ನನ್ನೇ ಗಾಣಕ್ಕ ಕಟ್ಟತಾರ.”

ನಾನು ಕೊಡದ ಬಾಯಿಗೆ ಕೈ ಇಟ್ಟುಕೊಂಡು ಎಲ್ಲ ಕೇಳಿಸಿಕೊಂಡೆ. ನೀರು ತರುತ್ತೇನೆ ಎಂದು ಹೇಳಿ ಹೊರಟೆ. ಮಿಸ್ತ್ರಿಯ ಮನೆ ಮೈದಾನದ ಅಂಚಿಗೇ ಇತ್ತು. ಅವನ ಹೆಂಡತಿ ಅಂಗಳದಲ್ಲಿ ಕೋಳಿಗೆ ನುಚ್ಚು ಹಾಕುತ್ತಿದ್ದಳು. ಏನು ಬೇಕು ಎಂದು ನಾಚಿಕೆ ಬಿಟ್ಟು ಹೇಳಿದೆ. ಅವಳು ನನ್ನ ಕೊರಳಿನ ಲಿಂಗದ ಕರಡಿಗೆ ನೋಡಿದಳು, ನನ್ನ ಮುಖ ನೋಡಿದಳು, ಗೂಡಿಗೆ ಕೈ ಹಾಕಿ ಎರಡು ತೆಗೆದಳು. ನಾನು ಕೈ ಹಿಂದೆ ಎಳೆದುಕೊಂಡೆ.

“ಹಿಡಿ ಬೇಟಿ. ತಿನ್ನೂದು ಮೋಟಾರ್. ನೀ ತಿಂತಿ ಏನು?”

ಹುಟ್ಟಿದಾಗಿನಿಂದ ತತ್ತಿ ಮುಟ್ಟಿದವಳಲ್ಲ. ಬೆಚ್ಚಗಿತ್ತು. ಒಡೆಯುವುದು ಅವಳೇ ತೋರಿಸಿಕೊಟ್ಟಳು, ಒಡೆದವಳು ನಾನು. ಕೊಡದ ನೀರೊಳಗೆ ಹಾಕಿ, ಕಟ್ಟಿಗೆಯ ಸೌಟಿನಿಂದ ತಿರುವಿ, ಸೆರಗು ಮುಚ್ಚಿಕೊಂಡು ಬಂದೆ. ಸೊಸೆ ಕೊಡ ಹೊತ್ತು ಬಂದರೆ ಯಾರು ಒಳಗೆ ಬಗ್ಗಿ ನೋಡುತ್ತಾರೆ? ನಮ್ಮವರು ಮೋಟಾರಿನ ಮೂತಿಗೆ ಹ್ಯಾಂಡಲ್ ತೂರಿಸಿ ಹೊಡೆದರು, ಇಂಜಿನ್ ಗುರ್ ಎಂದಿತು. ಟಾಕಿ ಕಾಯಲಿ ಎಂದು ಲೆಕ್ಕ ಹಾಕುತ್ತ ನಿಂತು, ಆಮೇಲೆ ನಿಧಾನ ಸುರಿದೆ. ಮಾವನ ಕಣ್ಣಮುಂದೆಯೇ ಸುರಿದೆ.

ಕೆಳಗೆ ಹನಿ ಬೀಳುವುದು ಕಡಿಮೆಯಾಯಿತು. ನಾನು ಕೊಡ ಹಿಡಿದು ಹತ್ತಿ ಕುಳಿತೆ. ಹೆಣ್ಣುಮಗಳು ಮೈದಾನದಲ್ಲಿ ಮೋಟಾರು ಹತ್ತಿ ಕೂರುವುದೇ ಎಂದು ಯಾರೋ ಅಂದರು. ನೀರು ನಿಮ್ಮಪ್ಪ ಹಾಕುತ್ತಾನೇನು ಎಂದು ಮಾವ ಅವರ ಬಾಯಿ ಮುಚ್ಚಿಸಿದರು.

ಮೊದಲ ಸುತ್ತಿನಲ್ಲಿ ಧೂಳಿನಲ್ಲಿ ಏನೂ ಕಾಣಲಿಲ್ಲ. ಎರಡನೆಯದರಲ್ಲಿ ನಮ್ಮ ಮುಂದಿನ ಹಸಿರು ಮೋಟಾರು ಉಗಿ ಬಿಟ್ಟು ನಿಂತಿತು. ನಮ್ಮವರು ಅದನ್ನು ಸುತ್ತಿ ಹಾಯಿಸಿದಾಗ ಒಂದು ಗಾಲಿ ನೆಲ ಬಿಟ್ಟು ಎದ್ದಂತೆ ಆಯಿತು. ನನ್ನ ಸೆರಗು ಹಾರಿ ಹಿಂದೆ ಹೋಯಿತು. ಎಳೆದುಕೊಳ್ಳಲಿಲ್ಲ. ಕೊಡ ಬಿಟ್ಟರೆ ಕೆಲಸ ಕೆಟ್ಟಿತು. ಮೂರನೆಯದರಲ್ಲಿ ನಮ್ಮದೇ ಟಾಕಿಯ ಮೂತಿಯಿಂದ ಉಗಿ ಏಳತೊಡಗಿತು. ಬೇವಿನ ಕೆಳಗೆ ಅತ್ತೆಯ ತಮ್ಮ ಹಗ್ಗ ಹಿಡಿದು ಎದ್ದು ನಿಂತದ್ದು ಕಂಡಿತು. ಓಡಿಸ್ರಿ, ಕಾಲು ತೆಗೀಬ್ಯಾಡ್ರಿ ಎಂದು ನಾನು ಗಂಡನಿಗೆ ಬೈದೆ, ಅದೂ ಎಲ್ಲರಿಗೂ ಕೇಳಿಸುವ ಹಾಗೆ. ಅವರು ಕಾಲು ತೆಗೆಯಲಿಲ್ಲ. ಗೆರೆ ದಾಟಿ ಹತ್ತು ಮಾರು ಹೋಗಿ ಮೋಟಾರು ತಾನೇ ನಿಂತಿತು.

ಮಿಸ್ತ್ರಿ ಪಟಕಾ ಸುತ್ತಿದ. ಅಯ್ಯನವರ ವಿಭೂತಿಯ ಶಕ್ತಿ ಎಂದು ಜನ ಟಾಕಿ ಮುಟ್ಟಿ ನಮಸ್ಕಾರ ಮಾಡಿ ಕೈ ಸುಟ್ಟುಕೊಂಡರು. ಅತ್ತೆಯ ತಮ್ಮ ಖಾಲಿ ಚಕ್ಕಡಿ ಹೊಡೆದುಕೊಂಡು ಹೋದರು.

ಮರಳಿ ಬರುವಾಗ ಟಾಕಿ ನಾರತೊಡಗಿತು. ಒಂದು ಹಳ್ಳ ದಾಟಿದ ಮೇಲೆ ಮಾವ ನನ್ನ ಕಡೆ ಬಗ್ಗಿದರು.

“ಏನವ್ವಾ, ವಿಭೂತಿ ಇಷ್ಟು ನಾರತದೇನು?”

ನಮ್ಮವರಿಗೆ ಏನೂ ಗೊತ್ತಿಲ್ಲ, ಹಾದಿಯಲ್ಲಿ ಏನೋ ಸತ್ತಿದೆ ಎಂದರು. ನಾನು ಕೊಡದ ಬಾಯಿಯನ್ನು ಸೆರಗಿನಿಂದ ಮುಚ್ಚಿಕೊಂಡೆ.

“ಕಾಯಿ ತಪ್ಪಿ ಹೊಡದಾಂವ ನಾನೇ ಹೌದು,” ಎಂದರು ಮಾವ. “ನಾಳಿ ಯಾರೂ ಏಳೂದರೊಳಗ ಆ ನೀರು ಚೆಲ್ಲಿ ತೊಳಿ. ಆಮ್ಯಾಲ ಗುಂಜೋಟಿಗಿ ಹೋಗಿ ನಿಮ್ಮವ್ವಗ ಮಾರಿ ತೋರಿಸಿ ಬಾ. ನಿಮ್ಮತ್ತಿಗಿ ನಾ ಹೇಳ್ತಿನಿ.”

ಮರುದಿನ ಕೋಳಿ ಕೂಗುವ ಮೊದಲೇ ಎದ್ದೆ. ಟಾಕಿಯ ನೀರು ತಿಪ್ಪೆಗೆ ಬಿಟ್ಟೆ. ಒಡೆದ ಹಾಲಿನಂಥ ಬಿಳಿ ಚೂರು ಬಂದವು. ಬಾವಿಯಿಂದ ಸೇದಿ ಸೇದಿ ವಾಸನೆ ಹೋಗುವತನಕ ತೊಳೆದೆ. ಹೊಸ ನೀರು ತುಂಬಿ ಕೆಳಗೆ ನೋಡಿದೆ. ಒಂದು ಹನಿ ಬಿತ್ತು. ಎರಡನೆಯದಕ್ಕೆ ಕಾದೆ, ಬಹಳ ಹೊತ್ತು ಬೀಳಲಿಲ್ಲ. ಗುಂಜೋಟಿಗೆ ಅಷ್ಟು ಸಾಕು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ರೊಟ್ಟಿ ಬಡಿದು, ಶೇಂಗಾ ಚಟ್ನಿಯ ಜೊತೆ ಗಂಟು ಕಟ್ಟಿದೆ. ನಮ್ಮವರು ಇನ್ನೂ ಬೇವಿನ ಕಡ್ಡಿ ಅಗಿಯುತ್ತ ನಿಂತಿದ್ದರು. ಅವರಿಗೆ ಕಾಯದೆ ಹ್ಯಾಂಡಲ್ ತೂರಿಸಿ ನಾನೇ ಹೊಡೆದೆ. ನಾಲ್ಕನೇ ಏಟಿಗೆ ಇಂಜಿನ್ ಹಿಡಿಯಿತು. ಕೊಡ ತುಂಬಿಕೊಂಡು ಹತ್ತಿ ಕುಳಿತೆ.