ಬ್ರಾಕೆಟ್ಟಿನೊಳಗಿದ್ದ ಪಾಸ್‌ವರ್ಡ್

ಗೆಳೆಯರೇ, ಟಿಕೋಟಾದ ನಮ್ಮ ಒಣದ್ರಾಕ್ಷಿ ಅಂಗಡಿಗೆ ಇವತ್ತು ಹೊಸ ವೈಫೈ ಡಬ್ಬಿ ಬಂತು. ಅದರ ಜೊತೆ ಬಂದ ಪುಸ್ತಕ ನೋಡಿ ಕಂಪ್ಯೂಟರಿನಲ್ಲಿ ಕಮಾಂಡ್ ಟೈಪ್ ಮಾಡಬೇಕಿತ್ತು. ಕೆಲವು ಪದ ಚೌಕ ಬ್ರಾಕೆಟ್ಟಿನೊಳಗಿದ್ದವು. ವಿಜಯಪುರದಲ್ಲಿರುವ ತಂಗಿಯ ಮಗನಿಗೆ ಫೋನ್ ಹಚ್ಚಿದೆ.

“ಅವು ಬೇಕಂದ್ರ ಹಾಕ್ರಿ ಮಾಮಾ, ಬಿಟ್ರೂ ನಡೀತೈತಿ.”

ನಡೆಯುವುದಾದರೆ ಯಾಕೆ ಹಾಕಲಿ? ಎಲ್ಲ ಬಿಟ್ಟೆ. ಪಾಸ್‌ವರ್ಡ್ ಕೂಡ ಆ ಬ್ರಾಕೆಟ್ಟಿನೊಳಗೇ ಇತ್ತು.

ಮಧ್ಯಾಹ್ನ ವ್ಯಾಪಾರಿಗೆ ದ್ರಾಕ್ಷಿಯ ವಿಡಿಯೊ ಕಳಿಸಲು ಹೋದರೆ ಅದು ಅಲುಗಲೇ ಇಲ್ಲ. ಸೌದಾ ಕೈತಪ್ಪುವುದರಲ್ಲಿತ್ತು. ಹೊರಗೆ ನೋಡಿದರೆ, ಬಸ್ಸಿಗೆ ಕಾಯುವವರೆಲ್ಲ ನನ್ನ ಕಟ್ಟೆಯ ಮೇಲೆ ಕೂತು ನನ್ನ ವೈಫೈನಲ್ಲೇ ಸಿನಿಮಾ ನೋಡುತ್ತಿದ್ದರು! ಸಿಟ್ಟಿನಲ್ಲೇ ಪಾಸ್‌ವರ್ಡ್ ಹಾಕಿದೆ. ವಿಡಿಯೊ ಹೋಯಿತು.

ಒಬ್ಬ ಎದ್ದು ಒಳಗೇ ಬಂದ. “ಕಾಕಾ, ನಿಮ್ಮ ನೆಟ್ ಕೆಟ್ಟೈತಿ. ಲಗೂ ರಿಪೇರಿ ಮಾಡ್ಸ್ರಿ, ಪಿಚ್ಚರ್ ಅರ್ಧಕ್ಕ ನಿಂತೈತಿ!”

“ನೀನೂ ಚೌಕ ಬ್ರಾಕೆಟ್ಟಿನ್ಯಾಗ ಅದೀಯೋ ತಮ್ಮಾ,” ಎಂದೆ. “ಬಿಟ್ರೂ ನಡೀತೈತಿ.”