ಬ್ಯಾಡಗಿಗೆ ಬಾರದ ಘಾಟು

ಆಗ ನನಗೆ ಐವತ್ತಾರು. ಇಪ್ಪತ್ತು ವರ್ಷದ ಮೇಲಾಯಿತು. ಇದೆಲ್ಲ ನಿನ್ನೆ ನೆನಪಾದದ್ದು ಧಾರವಾಡದಿಂದ ಬಂದ ಬ್ಯಾಡಗಿ ಮೆಣಸಿನಕಾಯಿಯಿಂದ. ವರ್ಷಾವರ್ಷ ಒಂದು ಚೀಲ ಬರುತ್ತದೆ. ಮೂಗಿಟ್ಟರೆ ಒಳ್ಳೇ ವಾಸನೆ, ಹುಳಿಗೆ ಹಾಕಿದರೆ ಮದುವೆಮನೆಯ ಬಣ್ಣ. ಖಾರ ಮಾತ್ರ ಕೇಳಬೇಡಿ. ಕಳಿಸುವ ನೀಲಾಳ ಬಾಯಲ್ಲಿರುವಷ್ಟು ಖಾರವೂ ಅದರಲ್ಲಿಲ್ಲ.

ಬಿಟಿಎಂ ಲೇಔಟಿನ ನಮ್ಮ ಮನೆಯ ಮಹಡಿಯಲ್ಲಿ ನೀಲಾ ಮತ್ತು ಅವಳ ಗಂಡ ಬಾಡಿಗೆಗಿದ್ದರು. ಗೋಡೆಗೆ ಮೊಳೆ ಹೊಡೆಯಬಾರದು, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು ಎಂದು ನಾನು ಹೇಳುವುದು, ಒಂದೊಂದಕ್ಕೂ ಅವಳು ‘ಯಾಕ್ರಿ?’ ಎನ್ನುವುದು. ತುಂಬಿದ ಬಸುರಿಯಾಗಿದ್ದಾಗಲೂ ಸೊಂಟಕ್ಕೆ ಕೈಯಿಟ್ಟು ಮೆಟ್ಟಿಲಲ್ಲಿ ನಿಂತು, “ಅಮ್ಮಾರ, ನಿಮ್ಮ ಗಿಡಕ್ಕ ನೀರೈತಿ, ನಮ್ಮ ಅನ್ನಕ್ಕ ಇಲ್ಲೇನ್ರಿ?” ಎಂದು ಬೀದಿಗೆಲ್ಲ ಕೇಳಿಸುವಂತೆ ಕೂಗಿದವಳು. ನನಗೂ ಅಷ್ಟೇ, ಬೆಳಗಿನ ಕಾಫಿಯ ಮೇಲೆ ಒಂದು ಜಗಳ ಬಿದ್ದರೆ ದಿನ ಸರಾಗ.

ಹೆರಿಗೆಯಾಯಿತು, ಹೆಣ್ಣು ಮಗು. ನೀಲಾಳಿಗೆ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನಕ್ಕೆ ಅತ್ತೆ ಬಸವ್ವನೇ ಊರಿಂದ ಬಂದರು. ಒಳ್ಳೆಯ ಹೆಂಗಸು. ಸೊಸೆಯ ಕಿವಿಗೆ ಹತ್ತಿ ತುರುಕಿದರು, ತಲೆಗೆ ಬಟ್ಟೆ ಕಟ್ಟಿದರು, ಹಾಲೂರಲೆಂದು ಅಳವಿ ಬೀಜದ ಪಾಯಸ ಕುಡಿಸಿದರು. ಎಲ್ಲ ಸರಿಯಾಗಿತ್ತು, ಜಗಳ ಮಾತ್ರ ನಿಂತುಹೋಯಿತು.

ನೋಡೋಣ ಎಂದು ಒಂದು ದಿನ ಬೇಕೆಂದೇ ಮಹಡಿಯ ನೀರು ನಿಲ್ಲಿಸಿದೆ. ಬಸವ್ವ ಸದ್ದಿಲ್ಲದೆ ಬಿಂದಿಗೆ ಹಿಡಿದು ಬಂದರು. ನೀಲಾ ಇಣುಕಲೂ ಇಲ್ಲ. ನನಗೆ ಯಾರೋ ನನ್ನ ಕಾಫಿ ಕಸಿದುಕೊಂಡ ಹಾಗಾಯಿತು. ಮೇಲೆ ಹತ್ತಿ ಹೋದೆ. ಮಗು ಅತ್ತರೆ ಹಾಲು ಕೊಡುತ್ತಿದ್ದಳು, ಕೊಟ್ಟ ಮೇಲೆ ಪಾರ್ಸಲ್ಲಿನ ಹಾಗೆ ಅತ್ತೆಗೆ ದಾಟಿಸುತ್ತಿದ್ದಳು. ಮುಖ ನೋಡುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತರೆ ಅನ್ನಕ್ಕೆ ಸಾರಿಗಿಂತ ಮೊದಲು ಕಣ್ಣೀರು ಬೀಳುತ್ತಿತ್ತು.

“ದೃಷ್ಟಿ ಆಗೇತ್ರಿ ಅಮ್ಮಾರ,” ಎಂದರು ಬಸವ್ವ. “ನಿನ್ನೆ ಮೆಣಸಿನಕಾಯಿ ಇಳಿಸಿ ಸುಟ್ಟೆ. ಒಂದ್ ಚೂರೂ ಘಾಟು ಬರಲಿಲ್ಲ. ಬಾಳ ಜೋರ ದೃಷ್ಟಿ!”

ಲೆಕ್ಕ ನಿಮಗೆ ಗೊತ್ತಲ್ಲ? ಇಳಿಸಿದ ಮೆಣಸಿನಕಾಯಿ ಕೆಂಡಕ್ಕೆ ಬಿದ್ದು ಘಾಟು ಬಂದರೆ ದೃಷ್ಟಿ ಇಲ್ಲ, ಬಾರದಿದ್ದರೆ ಇದೆ. ನಮ್ಮ ರಸ್ತೆಗೆ ದೃಷ್ಟಿ ತೆಗೆಯುವವಳು ನಾನೇ. ಕೂಸುಗಳಿಗೆ ತೆಗೆದಿದ್ದೇನೆ, ಹಸುವಿಗೆ ತೆಗೆದಿದ್ದೇನೆ, ಎದುರುಮನೆಯವರ ಹೊಸ ಸ್ಕೂಟರಿಗೂ ತೆಗೆದಿದ್ದೇನೆ. ಸ್ಕೂಟರು ಅದೇ ವಾರ ಚರಂಡಿಗೆ ಬಿತ್ತು, ಅದು ಬೇರೆ ಮಾತು.

“ಯಾವ ಮೆಣಸಿನಕಾಯಿ ಸುಟ್ರಿ?”

“ನಮ್ಮೂರಿಂದ ತಂದಿದ್ದು. ಬ್ಯಾಡಗಿ.”

“ಬ್ಯಾಡಗಿ ಸುಟ್ರೆ ಘಾಟೆಲ್ಲಿಂದ ಬರುತ್ತೆ ಬಸವ್ವ? ಅದು ಬಣ್ಣಕ್ಕೆ ಹಾಕೋದು ಕಣ್ರೀ! ಮಗೂನ ಟೆರೇಸಿಗೆ ಕರ್ಕೊಂಡು ಹೋಗಿ. ನಾನು ತೆಗೀತೀನಿ.”

ಕೆಳಗಿಂದ ಗುಂಟೂರು ಮೆಣಸಿನಕಾಯಿ ತಂದೆ. ಇಳಿಸಿ ಕೆಂಡಕ್ಕೆ ಹಾಕಿದೆ. ಅಯ್ಯೋ! ಪಕ್ಕದ ಮನೆಯವರು ಕಿಟಕಿ ಬಡಿದುಕೊಂಡರು, ಬೀದಿಯಲ್ಲಿ ಸೊಪ್ಪು ಮಾರುವವಳು ಸೀನಿದಳು, ನನಗೆ ಕೆಮ್ಮಿ ಕೆಮ್ಮಿ ಕರುಳು ಬಾಯಿಗೆ ಬಂತು. ಓಡಿಹೋಗೋಣವೆಂದರೆ ನೀಲಾ ಕೂತಲ್ಲಿಂದ ಏಳಲಿಲ್ಲ. ಕೆಮ್ಮುತ್ತಾ ಗೋಡೆ ನೋಡುತ್ತಾ ಕೂತಿದ್ದಳು. ಅವಳನ್ನು ಬಿಟ್ಟು ಹೇಗೆ ಹೋಗಲಿ? ಕೆಂಡಕ್ಕೆ ನೀರು ಸುರಿದು, ಕಿಟಕಿ ತೆಗೆದು, ಪಕ್ಕದಲ್ಲೇ ಕೂತೆ.

“ಇಷ್ಟು ಘಾಟು ಬಂತಲ್ಲೇ. ನಿನಗೆ ದೃಷ್ಟಿಯಿಲ್ಲ. ಮತ್ತೇನಾಗಿದೆ ಹೇಳು.”

“ಏನಿಲ್ರಿ. ಹೊಗಿ, ಅದಕ್ಕ ಕಣ್ಣಾಗ ನೀರು.”

“ಹೊಗೆ ಈಗ ಬಂದಿದ್ದು. ನಿನ್ನ ಕಣ್ಣು ಮಗು ಹುಟ್ಟಿದಾಗಿಂದ ಸುರೀತಿದೆ. ನನಗೆ ಕಣ್ಣಿಲ್ವಾ?”

ಕಿವಿಯ ಹತ್ತಿ ಕಿತ್ತು ಬೆರಳಲ್ಲಿ ಉಂಡೆ ಮಾಡಿದಳು. ಆಮೇಲೆ ಹೇಳಿದಳು: “ಕೂಸು ಮಲಗಿದ್ರೂ ನನಗ ನಿದ್ದಿ ಬರಂಗಿಲ್ರಿ. ಆಕಿನ್ನ ಎತ್ಕೊಂಡ್ರ ಯಾರದೋ ಕೂಸು ಅನಸ್ತೈತಿ. ನಾ ಇರದಿದ್ರನ ಆಕಿ ಚಲೋ ಬೆಳೀತಾಳ್ರಿ.”

ನನಗೆ ಕೆಮ್ಮು ನಿಂತುಹೋಯಿತು. ಇಂಥ ಮಾತಿಗೆ ನನ್ನ ಹತ್ತಿರ ಮೆಣಸಿನಕಾಯಿ ಇರಲಿಲ್ಲ. “ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ. ಅಲ್ಲಿವರೆಗೂ ನಿನ್ನ ಒಬ್ಬಳೇ ಬಿಡಲ್ಲ,” ಎಂದೆ. ಗಂಡ ಆಫೀಸಿನಿಂದ ಬಂದೊಡನೆ ಅವನಿಗೂ ಅವಳ ಮಾತನ್ನು ಹಾಗೇ ಒಪ್ಪಿಸಿದೆ. ಹುಡುಗ ಆ ಸಂಜೆ ಹೆಂಡತಿಯ ಪಕ್ಕದಿಂದ ಕದಲಲಿಲ್ಲ. ಬಸವ್ವನೇ ತಡವರಿಸಿದರು: “ತಲಿ ಡಾಕ್ಟರ್ ಕಡೆ ಕಳಸ್ತಾರ್ರಿ. ಮಂದಿ ಏನಂತಾರ?”

“ಅನ್ನೋರನ್ನ ನನ್ನ ಹತ್ರ ಕಳ್ಸಿ. ಗುಂಟೂರು ಇನ್ನೂ ಇದೆ.”

ಇದು ಹೆತ್ತ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಬರುವ ಕಾಯಿಲೆ, ಸೋಮಾರಿತನವೂ ಅಲ್ಲ, ಮಗುವಿನ ಮೇಲೆ ಪ್ರೀತಿಯಿಲ್ಲದ್ದೂ ಅಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ಆಮೇಲೆ. ಮನಸ್ಸಿನ ಡಾಕ್ಟರ ಹತ್ತಿರವೂ ಕಳಿಸಿದರು. ಮಾತ್ರೆ, ಮಾತು, ನಿದ್ದೆ. ಅವಳು ನಿದ್ದೆ ಮಾಡಲೆಂದು, ರಾತ್ರಿ ಹಾಲು ಕುಡಿಸಿದ ಮೇಲೆ ಮಗು ನಮ್ಮ ಪಾಲು. ತಿಂಗಳುಗಳೇ ಹಿಡಿದವು. ಒಂದು ಬೆಳಿಗ್ಗೆ ಮೆಟ್ಟಿಲ ಮೇಲಿಂದ “ಅಮ್ಮಾರ, ನೀರು ಬಂದ್ ಮಾಡೀರೇನ್ರಿ?” ಎಂಬ ಕೂಗು ಬಂತು. ಕಾಫಿ ಅಲ್ಲೇ ಬಿಟ್ಟು ಜಗಳಕ್ಕೆ ಓಡಿದೆ.

ಈಗಲೂ ದೃಷ್ಟಿ ತೆಗೆಯಲು ಕರೆಯುತ್ತಾರೆ, ಹೋಗುತ್ತೇನೆ. ಬಾಣಂತಿ ಇರುವ ಮನೆಯಾದರೆ ಮಾತ್ರ ಮೆಣಸಿನಕಾಯಿ ಸೆರಗಿನ ಗಂಟಲ್ಲೇ ಇರುತ್ತದೆ. ಮೊದಲು ಅವಳ ಪಕ್ಕ ಕೂತು, ನಿದ್ದೆ ಬರುತ್ತಾ ಎಂದು ಕೇಳುತ್ತೇನೆ.

ಆದರೆ ಅಂದು ಘಾಟೆಬ್ಬಿಸಿದ ಮರುದಿನ ಬೆಳಿಗ್ಗೆ ನನಗೆ ಇದೊಂದೂ ಗೊತ್ತಿರಲಿಲ್ಲ. ಗೇಟಿಗೆ ಆಟೋ ಕರೆತಂದೆ. ನೀಲಾಳನ್ನು ಕೂರಿಸಿ ಪಕ್ಕದಲ್ಲಿ ನಾನೂ ಕೂತೆ. ಗಂಡ ಡ್ರೈವರ ಪಕ್ಕ ಅರ್ಧ ಸೀಟಿಗೆ ಜೋತುಬಿದ್ದ. ಎದುರುಮನೆಯವರು “ಎಲ್ಲಿಗೆ?” ಎನ್ನುವಷ್ಟರಲ್ಲಿ, ಮಗುವನ್ನೆತ್ತಿಕೊಂಡು ಧಡಧಡ ಇಳಿದು ಬಂದ ಬಸವ್ವ, “ದವಾಖಾನಿಗ್ರಿ! ನನ್ನ ಸೊಸಿಗೆ ಆರಾಮಿಲ್ಲ!” ಎಂದು ಕೂಗಿ, ನನ್ನನ್ನು ಒತ್ತಿಕೊಂಡು ಒಳಗೆ ತುರುಕಿಕೊಂಡರು.

ಆಟೋ ಹೊರಟಿತು. ನೀಲಾ ನನ್ನ ಸೆರಗು ಹಿಡಿದಳು. “ಅಮ್ಮಾರ, ಡಾಕ್ಟರ್‌ಗೆ ಏನಂತ ಹೇಳ್ಲಿ?”

“ನನಗೆ ಹೇಳಿದ್ದನ್ನೇ ಹೇಳು,” ಎಂದೆ. “ಅಲ್ಲಿ ಘಾಟಿರಲ್ಲ, ನಿಧಾನವಾಗಿ ಹೇಳು.”