ಮುಚ್ಚಳದ ಮೇಲಿನ ನವಿಲು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಣ್ಣ ಹಚ್ಚುತ್ತಿದ್ದರು. ಎನಾಮಲ್ ಪೇಂಟಿನ ವಾಸನೆಗೆ ಎಲ್ಲಿ ತಲೆನೋವು ಬರುತ್ತದೋ ಎಂದು ಕರವಸ್ತ್ರ ಹುಡುಕುತ್ತಿದ್ದವನಿಗೆ, ತಲೆನೋವಿನ ಬದಲು ಪದ್ಮನಾಭನಗರದ ಎದುರುಮನೆ ಆಂಟಿ ನೆನಪಾದರು...

ತೊಂಬತ್ತರ ದಶಕದ ಕೊನೆ. ಅವರ ಗೇಟಿನ ಮುಂದೆ, ಸರಿಯಾಗಿ ರಂಗೋಲಿ ಬೀಳಬೇಕಾದ ಜಾಗದಲ್ಲೇ ಮ್ಯಾನ್‌ಹೋಲ್. ಚರಂಡಿಯ ಬಾಯಿಗೆ ರಂಗೋಲಿ ಹಾಕಲು ಆಂಟಿಗೆ ಮನಸ್ಸಿಲ್ಲ. ರಂಗೋಲಿಯನ್ನು ಒಂದು ಮಾರು ಆಚೆ ಸರಿಸಿ, ಗೇಟಿಗೆ ಹಚ್ಚಿ ಉಳಿದ ಪೇಂಟಿನಲ್ಲಿ ಕಬ್ಬಿಣದ ಮುಚ್ಚಳದ ಮೇಲೆ ನವಿಲು ಬರೆದಿದ್ದರು. ಮೈ, ಕತ್ತು ಮುಚ್ಚಳದ ಮೇಲೆ. ಗರಿಗಳು ಸುತ್ತಲ ಡಾಂಬರಿನ ಮೇಲೆ. ಚರಂಡಿ ಕಟ್ಟಿಕೊಂಡಾಗ ಕೆಲಸದವರು ಬಂದು ಮುಚ್ಚಳ ತೆಗೆದು, ಹೇಗೆಂದರೆ ಹಾಗೆ ಮುಚ್ಚುತ್ತಿದ್ದರು. ಆಗ ಕೊಕ್ಕಿನ ಮುಂದೆ ಗರಿ ಬರುತ್ತಿತ್ತು. ‘ಕತ್ತು ಮುರಿದ್ರಲ್ಲಪ್ಪ, ಸ್ವಲ್ಪ ಎಡಕ್ಕೆ ತಿರುಗ್ಸಿ’ ಎಂದು ಆಂಟಿ ಗೇಟಿನಿಂದಲೇ ಹೇಳಿ, ಸರಿಯಾದ ಮೇಲೆ ಎಲ್ಲರಿಗೂ ಕಾಫಿ ಕೊಡುತ್ತಿದ್ದರು.

ನಾನೋ, ಮ್ಯಾನ್‌ಹೋಲ್ ಕಂಡರೆ ಸುತ್ತು ಹಾಕಿ ಹೋಗುವವನು. ಮೇಲೆ ಸ್ಕೂಟರು ಹಾದಾಗಲೆಲ್ಲ ಆ ಮುಚ್ಚಳ ಟಕ್ ಎನ್ನುತ್ತಿತ್ತು. ಅಂಚಿನಲ್ಲಿ ಬಿರುಕು ಬೇರೆ. ನನ್ನ ಪುಟ್ಟ ಮಗಳು ದಿನಾ ನವಿಲಿನ ಮೇಲೆ ಕುಣಿಯುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ಅದರಡಿಯ ಗುಂಡಿ ಮಾತ್ರ. ಆಂಟಿಗೆ ಹೇಳಿದರೆ ಬೇಜಾರಾಗುತ್ತದೆಂದು, ಹೇಳದೆಯೇ, ಮುಚ್ಚಳ ಬದಲಿಸಿ ಎಂದು ಒಳಚರಂಡಿಯವರ ಕಚೇರಿಗೆ ಅರ್ಜಿ ಹಾಕಿದೆ. ನನ್ನ ಯಾವ ಅರ್ಜಿಗೂ ಉತ್ತರ ಬಂದದ್ದಿಲ್ಲ. ಇದಕ್ಕೆ ಮಾತ್ರ ನಾಲ್ಕೇ ದಿನದಲ್ಲಿ ಲಾರಿ ಬಂತು.

ನವಿಲು ಲಾರಿ ಹತ್ತಿತು. ಉಳಿದ ಗರಿಗಳ ನಡುವೆ ಹೊಸ ಮುಚ್ಚಳ ಬೋಳಾಗಿ ಕೂತಿತು. ಯಾರು ಕರೆಸಿದ್ದೆಂದು ಆಂಟಿ ಕೇಳಿದರು. ಕೆಲಸದವನು ಅರ್ಜಿ ಬಿಡಿಸಿ ನನ್ನ ಮನೆ ನಂಬರನ್ನು ಬೀದಿಗೆಲ್ಲ ಕೇಳುವಂತೆ ಓದಿದ. ನಾನು ಕಿಟಕಿ ಪರದೆಯ ಹಿಂದಿದ್ದೆ.

ಮೂರು ದಿನ ಆಂಟಿ ಮಾತಾಡಲಿಲ್ಲ. ಬೇರೆ ಮನೆ ನೋಡುವುದೇ ಒಳ್ಳೆಯದೆಂದು ನಾನು ಹೆಂಡತಿಗೆ ಹೇಳಿಯೂ ಆಗಿತ್ತು. ನಾಲ್ಕನೇ ದಿನ ಬೆಳಿಗ್ಗೆ ಅವರೇ ಪೇಂಟು ಡಬ್ಬ, ಬ್ರಷ್ಷು ಹಿಡಿದು ಬಾಗಿಲಿಗೆ ಬಂದರು.

‘ಅಲ್ರೀ, ಮಗು ಬೀಳತ್ತೆ ಅಂತ ಒಂದ್ ಮಾತು ಹೇಳಿದ್ರೆ ನಾನೂ ಸೈನ್ ಹಾಕ್ತಿರ್ಲಿಲ್ವಾ? ಬನ್ನಿ, ಈ ಸಲ ಬರೆಯೋದು ನೀವೇ.’

‘ನಂಗೆ ಡ್ರಾಯಿಂಗ್ ಬರಲ್ಲ ಆಂಟಿ.’

‘ಅರ್ಜಿ ಬರೆಯೋಕ್ ಬರತ್ತಲ್ಲ.’

ಜೀವನದಲ್ಲಿ ಮೊದಲ ಸಲ ಮ್ಯಾನ್‌ಹೋಲಿನ ಮೇಲೆ ಮಂಡಿಯೂರಿದೆ. ನವಿಲುಗರಿಗಳ ನಡುವೆ ಎದ್ದು ಬಂದದ್ದು ಕೋಳಿ. ಬೀದಿಯೆಲ್ಲ ನಕ್ಕಿತು. ಆಂಟಿಯೂ ನಕ್ಕರು, ಆದರೆ ಒಂದು ಗೆರೆಯನ್ನೂ ತಿದ್ದಲಿಲ್ಲ. ಮುಂದೆ ಕೆಲಸದವರು ಬಂದಾಗಲೆಲ್ಲ ನನ್ನ ಕೋಳಿಯ ಕತ್ತು ನೇರವಾಗುವವರೆಗೆ ಅವರನ್ನು ಬಿಡುತ್ತಿರಲಿಲ್ಲ...

ಆಮೇಲೆ ನಾವು ಬನಶಂಕರಿಗೆ ಬಂದೆವು. ಆಂಟಿ ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ತಿಂಗಳು ಕಳೆದ ಮೇಲೆ. ಮೊನ್ನೆ ಸಂಜೆ ಆ ಬೀದಿಗೆ ಹೋದೆ. ಅವರ ಮನೆಯಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ. ಡಾಂಬರಿನ ಮೇಲೆ ಡಾಂಬರು ಬಿದ್ದು ಮುಚ್ಚಳವೇ ಕಾಣದು. ಸುಮ್ಮನೆ ನೆಲ ನೋಡುತ್ತ ನಿಂತವನನ್ನು ವಾಚ್‌ಮನ್ ಕೇಳಿದ:

‘ಯಾರ್ ಬೇಕಿತ್ತು ಸಾರ್?’

ಹೇಳಲು ಬಾಯಿ ತೆರೆದೆ. ಒಂಬತ್ತು ವರ್ಷ ಎದುರುಮನೆಯಲ್ಲಿದ್ದವನು ಅವರ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ...

‘ಆಂಟಿ’ ಎಂದೆ.